ಲೋಡ್ ಹಾಕಿ ನೋಡಿದ್ಯಾ?

ಕಾಮರ್ಸ್ ಓದುವ ನಾನು ಟಿವಿ ರಿಪೇರಿ ಬಗ್ಗೆ ಬರೆಯುತ್ತೇನೆ ಎಂದಾಗ ಸೈನ್ಸ್ ವಿಭಾಗದ ಗೆಳೆಯರು ನಕ್ಕರು. ಕನ್ನಡ ಉಪನ್ಯಾಸಕರು ಮಾತ್ರ, "ನಿನಗೆ ಗೊತ್ತಿರುವುದನ್ನೇ ಬರೆ" ಎಂದರು. ನನಗೆ ಗೊತ್ತಿರುವುದು ಎರಡೇ. ಒಂದು ಜರ್ನಲ್ ಎಂಟ್ರಿ, ಇನ್ನೊಂದು ನಮ್ಮ ಮಾಮುವಿನ ಅಂಗಡಿ. ಈ ಲೇಖನದಲ್ಲಿ ಎರಡೂ ಇವೆ. ಜೊತೆಗೆ ನನ್ನದೊಂದು ತಪ್ಪೂ ಇದೆ.

ಮಾಮು ಎಂದರೆ ಅಮ್ಮಿಯ ತಮ್ಮ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಕಡೆಗೆ ಹೋಗುವ ರಸ್ತೆಯಲ್ಲಿ ಅವರ ಟಿವಿ ರಿಪೇರಿ ಅಂಗಡಿ ಇದೆ. ಇಬ್ಬರು ನಿಂತರೆ ಮೂರನೆಯವರು ಹೊರಗೆ ನಿಲ್ಲಬೇಕು, ಅಷ್ಟು ಸಣ್ಣದು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಬೇಸಿಗೆಯಿಂದ ನಾನು ಅಲ್ಲಿಗೆ ಹೋಗುತ್ತಿದ್ದೇನೆ. ಮೊದಲು ಸ್ಕ್ರೂ ಬಿಚ್ಚುವುದು, ಬ್ರಷ್‌ನಿಂದ ಧೂಳು ತೆಗೆಯುವುದು, ಚಹಾ ತರುವುದು. ಆರು ತಿಂಗಳಾದ ಮೇಲೆ ಮಲ್ಟಿಮೀಟರ್ ಕೈಗೆ ಕೊಟ್ಟರು. ಭಾನುವಾರಕ್ಕೆ ನೂರು ರೂಪಾಯಿ ಸಂಬಳ.

ಮಾಮು ನನಗೆ ಮೊದಲು ಕಲಿಸಿದ್ದು ರಿಪೇರಿಯನ್ನಲ್ಲ, ಹೆದರಿಕೆಯನ್ನು. ಗೋಡೆಯ ಪ್ಲಗ್‌ನಲ್ಲಿ ಬರುವುದು 230 ವೋಲ್ಟ್ ಎಸಿ. ಅದು ಟಿವಿಯೊಳಗೆ ಹೋಗಿ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗುತ್ತದೆ. ಅಲ್ಲಿ ಹೆಬ್ಬೆರಳಿಗಿಂತ ದಪ್ಪನೆಯ ಒಂದು ಕೆಪಾಸಿಟರ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಆ ವೋಲ್ಟೇಜ್ ಅನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತಿರುತ್ತದೆ. ಮುಟ್ಟಿದರೆ ಒದೆ ಗ್ಯಾರಂಟಿ. ಅದಕ್ಕೇ ಮಾಮು ಒಂದು ಹಳೇ ಬಲ್ಬಿಗೆ ಎರಡು ವೈರ್ ಕಟ್ಟಿ ಇಟ್ಟಿದ್ದಾರೆ. ಮೊದಲು ಆ ವೈರ್‌ಗಳನ್ನು ಕೆಪಾಸಿಟರ್‌ನ ಎರಡು ಕಾಲಿಗೆ ತಾಗಿಸಿ ಖಾಲಿ ಮಾಡಬೇಕು, ಖಾಲಿ ಆಯಿತೆಂದು ಮೀಟರ್ ಇಟ್ಟು ನೋಡಬೇಕು, ಆಮೇಲೆ ಕೈ. ಇದನ್ನು ಓದಿ ಯಾರೂ ಮನೆಯಲ್ಲಿ ಟಿವಿ ಬಿಚ್ಚಬಾರದು. ಕಲಿಸುವವರು ಪಕ್ಕದಲ್ಲಿಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಅಂಗಡಿಗೆ ಬರುವವರೆಲ್ಲ ಹೇಳುವುದು ಒಂದೇ ಮಾತು: "ಟಿವಿ ಸತ್ತು ಹೋಗಿದೆ." ಹೇಗೆ ಸತ್ತಿತು ಎಂದು ಕೇಳುವುದರಲ್ಲೇ ಅರ್ಧ ರಿಪೇರಿ ಇದೆ. ಕೆಂಪು ಲೈಟೇ ಬರುವುದಿಲ್ಲವೇ? ಹಾಗಾದರೆ ಮೊದಲು ಫ್ಯೂಸ್ ನೋಡಬೇಕು. ಫ್ಯೂಸಿನ ಗಾಜು ಒಳಗೆ ಕಪ್ಪಾಗಿದ್ದರೆ ಮುಂದೆ ಎಲ್ಲೋ ದೊಡ್ಡ ಶಾರ್ಟ್ ಆಗಿದೆ ಎಂದು ಅರ್ಥ. ಆಗ ಫ್ಯೂಸಿನ ಜಾಗಕ್ಕೆ ತಂತಿ ಸುತ್ತುವವರು ಟಿವಿಯನ್ನಲ್ಲ, ಮನೆಯನ್ನು ಸುಡಲು ಹೊರಟವರು. ಧ್ವನಿ ಬರುತ್ತದೆ, ಚಿತ್ರ ಇಲ್ಲವೇ? ಕತ್ತಲೆಯಲ್ಲಿ ಪರದೆಗೆ ಹತ್ತಿರದಿಂದ ಟಾರ್ಚ್ ಬಿಟ್ಟು ನೋಡಿ. ಮಸುಕಾಗಿ ಚಿತ್ರ ಓಡಾಡುತ್ತಿದ್ದರೆ ಹಿಂದಿನ ಬ್ಯಾಕ್‌ಲೈಟ್ ಅಥವಾ ಅದಕ್ಕೆ ಕರೆಂಟ್ ಕೊಡುವ ಭಾಗ ಹೋಗಿದೆ. ಕೆಂಪು ಲೈಟ್ ಬರುತ್ತದೆ, ರಿಮೋಟ್ ಒತ್ತಿದರೆ ಮಿಣುಕುತ್ತದೆ, ಆದರೆ ಟಿವಿ ಶುರುವಾಗದೆ ಮತ್ತೆ ಕೆಂಪಾಗುತ್ತದೆಯೇ? ಇದೇ ಕಷ್ಟದ್ದು. ನಾನು ಬಿದ್ದದ್ದು ಇದರಲ್ಲೇ.

ಕಳೆದ ವರ್ಷ ದಸರಾ ರಜೆ. ಮಾಮು ಹರಿಹರಕ್ಕೆ ಒಂದು ಮದುವೆಗೆ ಹೋಗಿದ್ದರು. ನಮ್ಮ ಓಣಿಯಲ್ಲಿ ಬೀಡಿ ಕಟ್ಟುವ ಒಬ್ಬ ಖಾಲಾ ಇದ್ದಾರೆ. ಅವರು ಆಟೋದಲ್ಲಿ ಬೆಡ್‌ಶೀಟಿನಲ್ಲಿ ಸುತ್ತಿದ 32 ಇಂಚಿನ ಟಿವಿ ತಂದರು. ಜೊತೆಗೆ ಎಂಟನೇ ತರಗತಿಯ ಮೊಮ್ಮಗಳು. ಮನೆಯಲ್ಲಿ ಇರುವುದು ಅವರಿಬ್ಬರೇ. ಅವರ ಮನೆಯಲ್ಲೂ ನಮ್ಮ ಮನೆಯ ಹಾಗೆ ಉರ್ದುವೇ ಮಾತು. ನಮ್ಮಂಥ ಮನೆಗಳಿಗೆ ಕನ್ನಡ ಬರುವುದು ಶಾಲೆಯಿಂದ ಅರ್ಧ, ಟಿವಿಯಿಂದ ಅರ್ಧ. ನಾನೂ ಚಂದನದಲ್ಲಿ 'ಥಟ್ ಅಂತ ಹೇಳಿ' ನೋಡುತ್ತಾ ಎಷ್ಟೋ ಪದ ಕಲಿತವನು. ಆ ಹುಡುಗಿಯೂ ಅದನ್ನೇ ನೋಡುತ್ತಾಳಂತೆ.

ಮಾಮು ಬರುವ ತನಕ ಕಾಯಿರಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಆ ಹುಡುಗಿ ನೋಡುತ್ತಿದ್ದಳಲ್ಲ, ನನಗೂ ಸ್ವಲ್ಪ ಜಂಬ ಬಂದಿತ್ತು.

ಹಿಂಬದಿ ಬಿಚ್ಚಿದೆ. ಫ್ಯೂಸ್ ಸರಿ ಇತ್ತು. ದೊಡ್ಡ ಕೆಪಾಸಿಟರ್ ಮೇಲೆ 320 ವೋಲ್ಟ್ ಇತ್ತು. ಈ ಟಿವಿಯಲ್ಲಿ ಪವರ್ ಸಪ್ಲೈ ಬೋರ್ಡ್ 12 ವೋಲ್ಟ್ ಮಾಡಿ ಮೇನ್ ಬೋರ್ಡಿಗೆ ಕಳಿಸುತ್ತದೆ. ಅಲ್ಲಿ ಮೀಟರ್ ಇಟ್ಟು ರಿಮೋಟ್ ಒತ್ತಿದೆ. 12 ಇದ್ದದ್ದು 7ಕ್ಕೆ ಬಿತ್ತು, ಮತ್ತೆ ಏರಿತು, ಮತ್ತೆ ಬಿತ್ತು. ಮೇನ್ ಬೋರ್ಡಿಗೆ ಹೋಗುವ ಕನೆಕ್ಟರ್ ಕಿತ್ತು ನೋಡಿದೆ. ಈಗ 12.1, ಕಲ್ಲಿನ ಹಾಗೆ ನಿಂತಿತು. ನನ್ನ ತಲೆ ಓಡಿತು: ಬೋರ್ಡ್ ಸೇರಿಸಿದರೆ ಬೀಳುತ್ತದೆ, ಕಿತ್ತರೆ ಸರಿಯಾಗುತ್ತದೆ, ಅಂದರೆ ಸಪ್ಲೈ ಚೆನ್ನಾಗಿದೆ, ಮೇನ್ ಬೋರ್ಡ್ ಶಾರ್ಟ್ ಆಗಿ ಅದನ್ನು ಕೆಳಗೆ ಎಳೆಯುತ್ತಿದೆ.

"ಖಾಲಾ, ಮೇನ್ ಬೋರ್ಡ್ ಹೋಗಿದೆ. ಬದಲಾಯಿಸಬೇಕು. 2500 ಆಗುತ್ತದೆ" ಎಂದೆ.

ಖಾಲಾ ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಎಷ್ಟು ದಿನದ ಬೀಡಿ ಎಂಬ ಲೆಕ್ಕ ಇರಬೇಕು. "ಬೇಡ ಬೇಟಾ, ಮುಚ್ಚಿಬಿಡು" ಎಂದರು. ನಾನು ಸ್ಕ್ರೂ ಹಾಕಿ ಕೊಟ್ಟೆ. ಬಿಚ್ಚಿ ನೋಡಿದ್ದಕ್ಕೆ ದುಡ್ಡು ಬೇಡ ಎಂದೆ. ಅದೊಂದು ದೊಡ್ಡ ಉಪಕಾರ ಎಂದು ಅಂದುಕೊಂಡಿದ್ದೆ.

ಮರುದಿನ ಸಂಜೆ ಮಾಮು ಬಂದರು. ನಾನು ಹೆಮ್ಮೆಯಿಂದ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು. "ಲೋಡ್ ಡಾಲ್‌ಕೋ ದೇಖ್ಯಾ ಕ್ಯಾ?" ಲೋಡ್ ಹಾಕಿ ನೋಡಿದ್ಯಾ?

ನಾನು ಸುಮ್ಮನಾದೆ.

"ಖಾಲಿ ನಿಂತವನು ಗಟ್ಟಿಗನೋ ಅಲ್ಲವೋ ಹೇಗೆ ಗೊತ್ತಾಗುತ್ತದೆ? ಮಂಡಕ್ಕಿ ಚೀಲ ಹೊರಿಸಿದರೂ ಗೊತ್ತಾಗುವುದಿಲ್ಲ. ಅಕ್ಕಿ ಚೀಲ ಹೊರಿಸಿ ನೋಡಬೇಕು" ಎಂದರು. ಮೀಟರ್ ತಾನಾಗಿ ಕರೆಂಟ್ ಎಳೆಯುವುದೇ ಇಲ್ಲ ಎನ್ನಬಹುದು. ಅದರ ಮುಂದೆ ಒಣಗಿ ಹೋದ ಕೆಪಾಸಿಟರ್ ಇರುವ ಸಪ್ಲೈ ಕೂಡ 12 ತೋರಿಸುತ್ತದೆ. ನಿಜವಾದ ಹೊರೆ ಬಿದ್ದಾಗಲೇ ಕುಸಿಯುತ್ತದೆ. ಹಾಗಾಗಿ ನನ್ನ ಪರೀಕ್ಷೆ ಅರ್ಧದ್ದು. ಬೋರ್ಡ್ ಕಿತ್ತಾಗ ವೋಲ್ಟೇಜ್ ಸರಿಯಾದರೆ ಬೋರ್ಡ್ ಜಾಸ್ತಿ ಎಳೆಯುತ್ತಿರಬಹುದು, ಅಥವಾ ಸಪ್ಲೈಗೆ ಶಕ್ತಿ ಇಲ್ಲದಿರಬಹುದು. ಎರಡರಲ್ಲಿ ಯಾವುದು ಎಂದು ತಿಳಿಯಲು ಬೋರ್ಡಿನ ಜಾಗದಲ್ಲಿ ಬೇರೆ ಹೊರೆ ಕೊಟ್ಟು ನೋಡಬೇಕು. ಮಾಮು ಅದಕ್ಕೆ ಬೈಕಿನ ಇಂಡಿಕೇಟರ್ ಬಲ್ಬ್ ಇಟ್ಟಿದ್ದಾರೆ, 12 ವೋಲ್ಟ್, 10 ವ್ಯಾಟ್. ಅದು ನನ್ನ ಕಣ್ಣ ಮುಂದೆಯೇ ಮೊಳೆಗೆ ನೇತಾಡುತ್ತಿತ್ತು.

ಆಗಲೇ ಇಬ್ಬರೂ ಖಾಲಾ ಮನೆಗೆ ಹೋದೆವು. ಟಿವಿ ಇರಲಿಲ್ಲ. ಬೆಳಿಗ್ಗೆ ಓಣಿಯಲ್ಲಿ ಗುಜರಿಯವನು ಬಂದಿದ್ದ. ಖಾಲಾ 500 ರೂಪಾಯಿಗೆ ಕೊಟ್ಟುಬಿಟ್ಟಿದ್ದರು. ಗೋಡೆಯ ಮೇಲೆ ಟಿವಿ ಇದ್ದ ಜಾಗ ಬೆಳ್ಳಗೆ, ಚೌಕವಾಗಿ ಕಾಣುತ್ತಿತ್ತು. ಮಾಮು ಏನೂ ಹೇಳದೆ, "ಅವನ ಗೋಡೌನ್ ಎಲ್ಲಿ?" ಎಂದಷ್ಟೇ ಕೇಳಿದರು.

ಗುಜರಿ ಅಂಗಡಿಯಲ್ಲಿ ಹಳೇ ಫ್ಯಾನು, ಕೂಲರ್‌ಗಳ ನಡುವೆ ಟಿವಿ ಒರಗಿಸಿ ಇಟ್ಟಿದ್ದರು. ಪುಣ್ಯಕ್ಕೆ ಪರದೆ ಒಡೆದಿರಲಿಲ್ಲ. ನಮಗೆ ಬೇಕೇ ಬೇಕು ಎಂದು ಗೊತ್ತಾದ ಮೇಲೆ ಅವನು ಸಾವಿರ ಕೇಳಿದ. ಬೇಡಿಕೆ ಹೆಚ್ಚಾದರೆ ಬೆಲೆ ಏರುತ್ತದೆ ಎಂಬುದನ್ನು ಎಕನಾಮಿಕ್ಸ್ ಕ್ಲಾಸಿನಲ್ಲಿ ಓದಿದ್ದೆ, ಅವತ್ತು ಎದುರಿಗೇ ನೋಡಿದೆ. ಕೊನೆಗೆ 800ಕ್ಕೆ ಒಪ್ಪಿದ.

ಅಂಗಡಿಗೆ ತಂದು ಮಾಮು ಬಲ್ಬನ್ನು ನನ್ನ ಕೈಗೇ ಕೊಟ್ಟರು. ಮೇನ್ ಬೋರ್ಡ್ ಕನೆಕ್ಟರ್ ಕಿತ್ತು, 12 ವೋಲ್ಟ್ ಮತ್ತು ಗ್ರೌಂಡ್ ನಡುವೆ ಬಲ್ಬ್ ಸೇರಿಸಿ ಪ್ಲಗ್ ಹಾಕಿದೆ. ಬಲ್ಬ್ ಉರಿಯಲಿಲ್ಲ, ನಡುಗಿತು. ಮೀಟರ್ 7ರ ಹತ್ತಿರ ಕುಣಿಯುತ್ತಿತ್ತು. ಅಂದರೆ ಮೇನ್ ಬೋರ್ಡಿನದು ಏನೂ ತಪ್ಪಿಲ್ಲ. ಅದನ್ನು ಕಿತ್ತೇ ಇಟ್ಟಿದ್ದೆವಲ್ಲ.

ಸಪ್ಲೈ ಬೋರ್ಡಿನಲ್ಲಿ 12 ವೋಲ್ಟ್ ಸಾಲಿನ ಮೇಲೆ ಎರಡು ಸಣ್ಣ ಕೆಪಾಸಿಟರ್ ಇದ್ದವು, 1000 ಮೈಕ್ರೋಫ್ಯಾರಡ್, 16 ವೋಲ್ಟ್. ಬಿಸಿಯಾಗುವ ಹೀಟ್‌ಸಿಂಕಿಗೆ ಅಂಟಿಕೊಂಡೇ ಕೂತಿದ್ದವು. ಕೆಟ್ಟ ಕೆಪಾಸಿಟರ್‌ನ ತಲೆ ಉಬ್ಬಿರುತ್ತದೆ ಎಂದು ನಾನು ಕಲಿತಿದ್ದೆ. ಇವುಗಳ ತಲೆ ಸಪಾಟಾಗಿತ್ತು, ಅದಕ್ಕೇ ಮೊದಲ ದಿನ ನಾನು ಎರಡನೇ ಸಲ ನೋಡಲೇ ಇಲ್ಲ. "ಎಲ್ಲವೂ ಉಬ್ಬಿ ಹೇಳುವುದಿಲ್ಲ. ಕೆಲವು ಒಳಗೇ ಒಣಗುತ್ತವೆ" ಎಂದರು ಮಾಮು. ಎರಡನ್ನೂ ತೆಗೆದು, 25 ವೋಲ್ಟಿನ, 105 ಡಿಗ್ರಿ ತಡೆಯುವ ಹೊಸದನ್ನು ಹಾಕಿದೆವು. ಪ್ಲಸ್ ಮೈನಸ್ ಎರಡು ಸಲ ನೋಡಿದೆ. ಒಂದಕ್ಕೆ 12 ರೂಪಾಯಿ, ಒಟ್ಟು 24. ಬಲ್ಬ್ ಈಗ ಬೆಳ್ಳಗೆ ಉರಿಯಿತು, ಮೀಟರ್ 11.9ಕ್ಕೆ ನಿಂತಿತು. ಕನೆಕ್ಟರ್ ಹಾಕಿ ರಿಮೋಟ್ ಒತ್ತಿದರೆ ಟಿವಿ ಬಂತು.

ನನಗೆ ಖುಷಿ ಆಗಲಿಲ್ಲ. 24 ರೂಪಾಯಿ ಕೆಲಸಕ್ಕೆ ನಾನು 2500 ಎಂದಿದ್ದೆ.

"ನೀನೇ ತೆಗೆದುಕೊಂಡು ಹೋಗು" ಎಂದರು ಮಾಮು. ದಾರಿಯಲ್ಲಿ ಒಂದು ಕಥೆ ಸಿದ್ಧ ಮಾಡಿಕೊಂಡೆ: ಮಾಮುಗೆ ಹಳೇ ಬೋರ್ಡ್ ಒಂದು ಸಿಕ್ಕಿತು, ಹಾಕಿದೆವು. ಖಾಲಾಗೆ ಬೋರ್ಡ್ ಯಾವುದು, ಕೆಪಾಸಿಟರ್ ಯಾವುದು ಗೊತ್ತಾಗುತ್ತಿರಲಿಲ್ಲ. ಅದೇ ಕಾರಣಕ್ಕೆ ಬಾಗಿಲಲ್ಲಿ ನಿಂತಾಗ ಆ ಕಥೆ ಬಾಯಿಂದ ಬರಲಿಲ್ಲ. "ಬೋರ್ಡ್ ಹೋಗಿರಲಿಲ್ಲ ಖಾಲಾ. ನಾನು ತಪ್ಪು ಹೇಳಿದೆ" ಎಂದೆ.

ಅವರು ಬೀಡಿ ಸುತ್ತುವ ಕೈ ನಿಲ್ಲಿಸಲಿಲ್ಲ. ಬೈಯಲೂ ಇಲ್ಲ. "ನೀನು ಓದುವ ಹುಡುಗ, ನಿನಗೆ ಗೊತ್ತಿರುತ್ತದೆ ಅಂತ ಮಾರಿದೆ ಬೇಟಾ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಆ 500 ರೂಪಾಯಿ ಮೊಮ್ಮಗಳ ನೋಟ್‌ಬುಕ್ಕು, ಬ್ಯಾಗಿಗೆ ಖರ್ಚಾಗಿತ್ತು. ಟಿವಿ ವಾಪಸ್ ಬಂದ ಮೇಲೆ ಅದನ್ನು ಇಟ್ಟುಕೊಳ್ಳುವುದು ಸರಿಯಲ್ಲ ಎಂದು ಖಾಲಾ ಹಟ ಹಿಡಿದರು. ತಿಂಗಳಿಗೆ ನೂರರಂತೆ ಐದು ತಿಂಗಳಲ್ಲಿ ಕೊಟ್ಟು ಮುಗಿಸಿದರು. ಉಳಿದ ಲೆಕ್ಕವನ್ನು ಮಾಮು ನನ್ನಿಂದಲೇ ಬರೆಸಿದರು. ಖರ್ಚು ಮತ್ತು ನಷ್ಟಗಳನ್ನು ಡೆಬಿಟ್ ಮಾಡಬೇಕು ಎಂಬ ನಿಯಮವನ್ನು ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಯಾರ ನಷ್ಟ ಎಂದು ಯೋಚಿಸಿರಲಿಲ್ಲ. ಗುಜರಿಯವನಿಗೆ ಹೆಚ್ಚು ಕೊಟ್ಟ 300 ರೂಪಾಯಿ ನನ್ನ ಹೆಸರಿಗೆ, ಅಂದರೆ ಮೂರು ಭಾನುವಾರ. ಕೆಪಾಸಿಟರ್‌ನ 24 ಅಂಗಡಿಗೆ. ರಿಪೇರಿಯ ಮಜೂರಿ ಸೊನ್ನೆ. "ಅಂಗಡಿಯಲ್ಲಿ ನಿನ್ನನ್ನು ಒಬ್ಬನೇ ಬಿಟ್ಟು ಹೋದದ್ದು ನನ್ನ ತಪ್ಪು" ಎಂದು ಮಾಮು ಅದನ್ನು ತಮ್ಮ ಮೇಲೆ ಹಾಕಿಕೊಂಡರು.

ಗೆಳೆಯರೇ, ನಿಮ್ಮ ಮನೆಯ ಟಿವಿ ಕೆಟ್ಟು, ಯಾರಾದರೂ ಐದು ನಿಮಿಷದಲ್ಲಿ "ಬೋರ್ಡ್ ಹೋಗಿದೆ" ಎಂದರೆ, ಸಪ್ಲೈಗೆ ಲೋಡ್ ಹಾಕಿ ನೋಡಿದಿರಾ ಎಂದು ಕೇಳಿ. ಬೇಸರ ಮಾಡಿಕೊಂಡರೂ ಪರವಾಗಿಲ್ಲ. ಗುಜರಿಯವನನ್ನು ಕರೆಯುವ ಮೊದಲು ಇನ್ನೊಬ್ಬರಿಗೆ ತೋರಿಸಿ. ರಿಪೇರಿ ಕಲಿಯುತ್ತಿರುವವರು, ಎದುರಿಗೆ ನಿಂತವರಿಗೆ ವಿಷಯ ಗೊತ್ತಿಲ್ಲದಿದ್ದಾಗ ಇನ್ನೂ ಹತ್ತು ನಿಮಿಷ ಹೆಚ್ಚು ನೋಡಿ. ಅವರು ನಿಮ್ಮ ಮಾತಿನ ಮೇಲೆ ಮನೆಯ ವಸ್ತು ಮಾರುತ್ತಾರೆ.

ಟ್ಯೂಷನ್ ಮುಗಿಸಿ ಬರುವಾಗ ಖಾಲಾ ಮನೆಯ ಮುಂದೆ ಈಗಲೂ ಸೈಕಲ್ ನಿಧಾನ ಮಾಡುತ್ತೇನೆ. ಒಳಗಿಂದ ಟಿವಿಯ ಸದ್ದು ಕೇಳಿದರೆ ಮುಂದೆ ಹೋಗುತ್ತೇನೆ. ಒಮ್ಮೆ ಕೇಳಿಸಲಿಲ್ಲ. ಎದೆ ಧಸಕ್ಕೆಂದಿತು, ಇಳಿದು ಹೋಗಿ ಬಾಗಿಲು ಬಡಿದೆ. ಮೊಮ್ಮಗಳು ಬಂದು, "ಕರೆಂಟ್ ಇಲ್ಲ ಅಣ್ಣಾ" ಎಂದಳು.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ