ನಮ್ಮೂರ ಮರ – 4: ಬೀಟೆ ಬಾಗಿಲು

ಫೋಟೋದಲ್ಲಿರೋದು ಕಪ್ಪು ಪೇಂಟ್ ಅಲ್ಲ ಮಾರಾಯ್ರೆ, ಹೊಗೆ ಹಿಡಿದ ಬೀಟೆ ಬಾಗಿಲು.

1964ರಲ್ಲಿ ಲಿಂಗನಮಕ್ಕಿ ಡ್ಯಾಂ ಮುಗಿದು ಊರು ಮುಳುಗೋ ಹೊತ್ತಿಗೆ ಅಜ್ಜ ಜಮೀನು ಬಿಟ್ರು, ಬಾಗಿಲು ಬಿಡ್ಲಿಲ್ಲ. ಕಳಚಿ, ಗಾಡಿಗೆ ಹೇರ್ಕೊಂಡು ಹೊಸನಗರದ ಕಡೆ ಬಂದ್ರು.

ಈಗ ಆ ಮನೇನೂ ಬಿಚ್ತಿದೀವಿ. ಬಾಗಿಲಿಗೆ ಗಿರಾಕಿ ಬಂದಿದ್ದ. ಸ್ಲ್ಯಾಬಿಗೆ ದುಡ್ಡು ಬೇಕಿತ್ತು, ಅಪ್ಪ ಒಪ್ಪೋದ್ರಲ್ಲಿದ್ರು.

ಆಚಾರ್ರು ಸುಮ್ನೆ ಒಂದು ಮೂಲೆಗೆ ಕೀಸುಳಿ ಹಾಕಿದ್ರು. ನೇರಳೆ ಮಿಶ್ರಿತ ಕಂದು, ನಡುವೆ ಕಪ್ಪು ಗೆರೆ, ತೆಳು ಪರಿಮಳ. ‘ಇದು ಕೆಚ್ಚು. ಗೆದ್ದಲು ಸುಲಭಕ್ಕೆ ಮುಟ್ಟಲ್ಲ’ ಅಂದ್ರು.

ರೀಲ್ಸಲ್ಲಿ ನೋಡ್ತೀರಲ್ಲ, ಅಮೆರಿಕದ ಬ್ಲ್ಯಾಕ್ ವಾಲ್ನಟ್? ಅದಕ್ಕಿಂತ ಬೀಟೆ ಭಾರ, ಗಟ್ಟಿ. ಹೊಸದು ಕಡಿಯೋಕೆ ಅರಣ್ಯ ಇಲಾಖೆ ಅನುಮತಿ ಬೇಕು. ಹೋದ್ರೆ ಹೋಯ್ತು.

ಅಪ್ಪ ಗಿರಾಕಿಗೆ ಫೋನ್ ಮಾಡಿ ಬೇಡ ಅಂದ್ರು. ನಿಮ್ಮನೇಲೂ ಹಳೇ ಬಾಗಿಲಿದ್ರೆ, ಮಾರೋ ಮುಂಚೆ ಒಂದು ಮೂಲೆ ಕೀಸಿ ನೋಡಿ.