ಹಕ್ಕಿ ಎಬ್ಸುಕಾಗ, ಕಾಯ್ಕ್

ದೀಪಾವಳಿ ಕಳೆದದ್ದೇ ನಮ್ಮ ಕೋಡಿ ಕಡಲಿಗೆ ಬಿಳಿ ಹಕ್ಕಿಗಳು ಬಂದಿವೆ. ವಾರಕ್ಕೆ ಎರಡು ದಿನ ಬೆಳಿಗ್ಗೆ ನಾನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಆ ಬದಿಗೆ ಹೋಪುದು ನಿಮಗೆಲ್ಲ ಗೊತ್ತಿದ್ದದ್ದೇ. "ಅದೇ ಹಕ್ಕಿ, ಅದೇ ಕಡ್ಲ್. ಎಷ್ಟ್ ಸಲ ಫೋಟೊ ತೆಗುದ್ ಮಾರಾಯ್ತಿ?" ಅಂತ ಕೇಳದವರು ನಮ್ಮ ಕೇರಿಯಲ್ಲಿ ಕಡಿಮೆ. ಹೋದ ಜನವರಿಯಲ್ಲಿ ಅಕ್ಕನ ಅಳಿಯನಿಗೂ ನನಗೂ ಅಲ್ಲೇ ಒಂದು ಮಾತಾಯಿತು, ಅದೂ ನಿಮ್ಮ ಕಿವಿಗೆ ಬಿದ್ದಿರಬೇಕು. ಎರಡಕ್ಕೂ ಉತ್ತರ ಒಂದೇ ಆದ್ದರಿಂದ ಒಟ್ಟಿಗೇ ಬರೆದುಬಿಡುತ್ತೇನೆ.

ಕೂತ ಹಕ್ಕಿಯ ಫೋಟೊ ತೆಗೆಯುವುದು ಮಲಗಿದ ಮಗುವಿನ ಫೋಟೊ ತೆಗೆದ ಹಾಗೆ. ಹಾರುವ ಹಕ್ಕಿಯದ್ದು ತೆಗೆಯುವುದು ಎಂದರೆ ಮೈಗೆಲ್ಲ ಎಣ್ಣೆ ಹಚ್ಚಿದ ಮಗುವನ್ನು ಬಚ್ಚಲಲ್ಲಿ ಹಿಡಿದ ಹಾಗೆ. ಹಿಡಿದೆ ಅನ್ನುವಷ್ಟರಲ್ಲಿ ಜಾರಿ ಹೋಗಿರುತ್ತದೆ. ಹಾಗಾದರೂ ಹಾರುವಾಗಲೇ ಯಾಕೆ ತೆಗೆಯಬೇಕು? ಯಾಕೆಂದರೆ ಹಕ್ಕಿ ಯಾವುದು ಅಂತ ಬರೆದಿರುವುದು ರೆಕ್ಕೆಯಲ್ಲಿ. ಮಡಚಿಟ್ಟ ಸೀರೆಯಲ್ಲಿ ಸೆರಗಿನ ಬಾರ್ಡರ್ ಕಾಣುತ್ತದಾ? ಬಿಡಿಸಿದರೇ ಗೊತ್ತಾಗುವುದು.

ನಾವು ಎಲ್ಲದಕ್ಕೂ ಕಡಲ ಹಕ್ಕಿ ಅಂತ ಒಂದೇ ಹೆಸರು ಹೇಳಿ ಬಿಡುತ್ತೇವೆ. ಕಂದು ತಲೆಯದ್ದು ಒಂದು ಜಾತಿ, ಕರಿ ತಲೆಯದ್ದು ಇನ್ನೊಂದು. ಆದರೆ ನಮ್ಮಲ್ಲಿಗೆ ಬರುವಾಗ ಎರಡರ ತಲೆಯೂ ಬಿಳಿಯೇ! ಚಳಿಗಾಲದಲ್ಲಿ ಆ ಬಣ್ಣ ಉದುರಿ ಹೋಗಿ ಕಿವಿ ಹತ್ತಿರ ಮಾತ್ರ ಒಂದು ಕಪ್ಪು ಗುರುತು ಉಳಿಯುತ್ತದೆ, ಮಗುವಿಗೆ ದೃಷ್ಟಿ ಬೊಟ್ಟು ಇಟ್ಟ ಹಾಗೆ. ರೆಕ್ಕೆ ಬಿಡಿಸಿದಾಗ ಕಾಣಿ, ಬೆಳೆದ ಕಂದು ತಲೆ ಹಕ್ಕಿಗೆ ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಚುಕ್ಕಿ ಇದೆ. ಕರಿ ತಲೆಯದ್ದಕ್ಕೆ ರೆಕ್ಕೆಯ ಮುಂದಿನ ಅಂಚೇ ಬಿಳಿ. ಕಣ್ಣಿಗೆ ಇದು ಒಂದು ಕ್ಷಣವೂ ನಿಲ್ಲುವುದಿಲ್ಲ, ಫೋಟೊದಲ್ಲಿ ನಿಲ್ಲುತ್ತದೆ. ಕಂದು ತಲೆಯ ಹಕ್ಕಿ ಮೊಟ್ಟೆ ಇಟ್ಟು ಮರಿ ಮಾಡುವುದು ಲಡಾಖ್, ಟಿಬೆಟ್ ಬದಿಯ ಎತ್ತರದ ಕೆರೆಗಳಲ್ಲಿ. ಲಡಾಖಿನ ತ್ಸೊ ಮೊರಿರಿ ಸರೋವರ 4,500 ಮೀಟರಿಗೂ ಎತ್ತರದಲ್ಲಿದೆ. ಅಂಥ ಹಿಮದ ಊರಿನ ಹಕ್ಕಿ ನಮ್ಮ ಬೈಗೆ ಮೀನು ತಿನ್ನುವುದಕ್ಕೆ ಇಷ್ಟು ದೂರ ಬರುತ್ತದಲ್ಲ ಅಂತ ನನಗೆ ಪ್ರತಿ ವರ್ಷವೂ ಆಶ್ಚರ್ಯ.

ಇನ್ನು ಬೆಳಿಗ್ಗೆಯೇ ಯಾಕೆ ಹೋಗಬೇಕು ಅನ್ನುವುದು. ನಮ್ಮದು ಪಡುವಣ ಕಡಲು. ಹೊತ್ತೋಪತಿಗೆ ಹೋದರೆ ಸೂರ್ಯ ಹಕ್ಕಿಯ ಹಿಂದೆ ಇರುತ್ತಾನೆ, ಹಕ್ಕಿ ಬರೀ ಕಪ್ಪು. ಬೆಳಿಗ್ಗೆಯಾದರೆ ಬೆಳಕು ನಮ್ಮ ಬೆನ್ನ ಹಿಂದಿನಿಂದ ಹೋಗಿ ಹಕ್ಕಿಯ ಮುಖಕ್ಕೆ ಬೀಳುತ್ತದೆ. ಗಾಳಿಯೂ ಹಾಗೇ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ಅಷ್ಟು ಬೇಗ ತಣಿಯುವುದಿಲ್ಲ. ಅದಕ್ಕೇ ಚಳಿಗಾಲದ ಬೆಳಿಗ್ಗೆ ಮೂಡುಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಹೊತ್ತೇರಿ ನೆಲ ಕಾದ ಮೇಲೆ ಪಡುಗಾಳಿ ಶುರು. ಹಕ್ಕಿ ಯಾವಾಗಲೂ ಗಾಳಿಗೆ ಎದುರಾಗಿ ಮೇಲೇಳುವುದು. ಮೂಡುಗಾಳಿ ಇರುವಾಗ ಎದ್ದರೆ ನಮ್ಮ ಕಡೆಗೇ ಮುಖ. ಪಡುಗಾಳಿ ಬಂದ ಮೇಲೆ ನಮಗೆ ಸಿಗುವುದು ಬಾಲ ಮಾತ್ರ. ಹಾಗಾಗಿ ಬೆಳಕೂ ಗಾಳಿಯೂ ಸರಿಯಾಗಿ ಸಿಗುವುದು ಏಳರಿಂದ ಒಂಬತ್ತು ಗಂಟೆಯೊಳಗೆ, ಸರಿಯಾಗಿ ತಿಂಡಿ ಹೊತ್ತಿಗೆ. ಆ ಎರಡು ದಿನ ನಮ್ಮನೆಯವರೇ ದೋಸೆ ಹೊಯ್ದುಕೊಳ್ಳುತ್ತಾರೆ. ಹಿಟ್ಟು ನಾನು ರಾತ್ರಿಯೇ ಕಡೆದಿಟ್ಟಿರುತ್ತೇನೆ.

ನನ್ನದು ಮಗ ಬಿಟ್ಟು ಹೋದ ಹಳೆ ಕ್ಯಾಮೆರಾ, 70-300ರ ಲೆನ್ಸ್. ಒಂದು ಸೆಕೆಂಡಿನ 2000ನೇ ಒಂದು ಪಾಲಿಗೆ ಇಟ್ಟರೆ ರೆಕ್ಕೆ ಅಲುಗದೆ ಬರುತ್ತದೆ. ಹಿಂದೆ ಕಪ್ಪು ನೀರಿದ್ದರೆ ಕ್ಯಾಮೆರಾ ಬೆಳಕು ಜಾಸ್ತಿ ಮಾಡಿ ಬಿಳಿ ಗರಿಯನ್ನೆಲ್ಲ ಸುಣ್ಣ ಬಳಿದ ಹಾಗೆ ಮಾಡುತ್ತದೆ, ಆಗ ನಾವೇ ಬೆಳಕು ಕಡಿಮೆ ಮಾಡಬೇಕು. ಹಿಂದೆ ಬೆಳಗುವ ಆಕಾಶ ಇದ್ದರೆ ಜಾಸ್ತಿ ಮಾಡಬೇಕು. ಮನೆಗೆ ಬಂದದ್ದೇ ಉಪ್ಪುಗಾಳಿಯ ಪಸೆ ಒರೆಸಿಡಬೇಕು. ಇನ್ನೂರು ಫೋಟೊ ತೆಗೆದರೆ ಇಟ್ಟುಕೊಳ್ಳುವಂಥದ್ದು ಐದು ಸಿಕ್ಕಿದರೆ ದೊಡ್ಡದು.

ಈಗ ಅಳಿಯನ ವಿಷಯ. ಅವರೂ ಫೋಟೊ ತೆಗೆಯುವವರೇ, ಲೆನ್ಸ್ ಮೊಣಕೈ ಉದ್ದ ಇದೆ. ಬೆಳಿಗ್ಗೆ ಎಲ್ಲರೂ ಸೇರಿ ಅಳಿವೆ ಹತ್ತಿರ ಹೋದೆವು. ಹೊಯಿಗೆಯ ಮೇಲೆ ನೂರರ ಮೇಲೆ ಹಕ್ಕಿ ಕೂತಿದ್ದವು. ಐದು ನಿಮಿಷ ಕಾದರು, ಯಾವುದೂ ಏಳಲಿಲ್ಲ. ಮಕ್ಕಳನ್ನು ಕರೆದು, "ನಾನು ಮೂರು ಅಂದ ಕೂಡ್ಲೇ ಅದರ ಮಧ್ಯೆ ಓಡಿ" ಅಂದರು.

ನಾನು, "ಹ್ವಾಯ್, ಮಕ್ಳನ್ ಓಡ್ಸ್ಬೇಡಿ. ಅವು ಅವಾಗೇ ಏಳ್ತೊ, ಚೂರ್ ಕಾಯಿನಿ" ಅಂದೆ.

"ಒಂದೇ ಸಲ ಚಿಕ್ಕಮ್ಮ. ಹನ್ನೊಂದಕ್ಕೆ ಬಸ್ಸಿದೆ. ಹಕ್ಕಿಗೆ ಏನಾಗತ್ತೆ, ಹಾರಿ ಮತ್ತೆ ಕೂರತ್ತೆ."

ಅಕ್ಕ ನನ್ನ ಮೊಣಕೈ ಚಿವುಟಿದಳು. ಮನೆ ಅಳಿಯನಿಗೆ ಎದುರು ಮಾತಾಡಿದವಳಲ್ಲ ನಾನು. ಆದರೂ ಎರಡು ಮಕ್ಕಳ ಕೈ ಹಿಡಿದುಕೊಂಡು ಹಕ್ಕಿಗೂ ಅವರಿಗೂ ನಡುವೆ ನಿಂತೆ. ಅವರು ಮುಖ ದಪ್ಪ ಮಾಡಿ ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡರು.

ಹಾರಿ ಮತ್ತೆ ಕೂರುತ್ತದೆ, ಹೌದು. ಆದರೆ ಹಕ್ಕಿ ಸುಮ್ಮನೆ ಕೂತದ್ದಲ್ಲ ಕಾಣಿ. ತಿಂದದ್ದು ಅರಗಬೇಕು. ಬಾಲದ ಬುಡದ ಎಣ್ಣೆಯನ್ನು ಕೊಕ್ಕಲ್ಲಿ ತೆಗೆದು ಒಂದೊಂದೇ ಗರಿಗೆ ಸವರಬೇಕು, ಇಲ್ಲದಿದ್ದರೆ ನೀರು ತಡೆಯುವುದಿಲ್ಲ. ಸುಮ್ಮನೆ ಎಬ್ಬಿಸಿದಷ್ಟು ಸಲ ತಿಂದ ಮೀನಿನ ಶಕ್ತಿ ದಂಡ. ವಾಪಸು ಹೋಗುವ ಮೊದಲು ಅದು ಮೈ ತುಂಬಿಕೊಳ್ಳಬೇಕು, ಮುಂದೆ ಅಷ್ಟುದ್ದ ದಾರಿ ಇದೆ. ನಾವು ಓಡಿಸಿದ ಮೇಲೆ ನಾಯಿ ಓಡಿಸುತ್ತದೆ, ಮತ್ತೆ ಇನ್ಯಾರೋ ಬರುತ್ತಾರೆ. ಎಲೆ ಎದುರು ಕೂತವರನ್ನು ಎಬ್ಬಿಸಬಾರದು ಅಂತ ನಮ್ಮ ಅಬ್ಬಿ ನಮಗಿಬ್ಬರಿಗೂ ಹೇಳಿಕೊಟ್ಟದ್ದು. ಅಕ್ಕನೂ ಮರೆತಿರಲಿಕ್ಕಿಲ್ಲ.

ಓಡಿಸಿ ತೆಗೆದ ಫೋಟೊ ಚೆಂದವೂ ಬರುವುದಿಲ್ಲ. ನಮ್ಮನ್ನು ಕಂಡು ಹೆದರಿದ್ದು ನಮಗೆ ಬೆನ್ನು ಹಾಕಿಯೇ ಹೋಗುತ್ತದೆ. ತಾನಾಗಿ ಏಳುವ ಹಕ್ಕಿ ಮೊದಲೇ ಸೂಚನೆ ಕೊಡುತ್ತದೆ. ಗಾಳಿಗೆ ಮುಖ ಮಾಡುತ್ತದೆ, ಕುತ್ತಿಗೆ ಎತ್ತುತ್ತದೆ, ಎಷ್ಟೋ ಸಲ ಹಿಕ್ಕೆ ಹಾಕಿ ಮೈ ಹಗುರ ಮಾಡಿಕೊಳ್ಳುತ್ತದೆ. ಅವತ್ತು ಅದನ್ನು ಮೊದಲು ಕಂಡದ್ದು ಏಳು ವರ್ಷದ ಹುಡುಗಿ. "ಅಜ್ಜಿ, ಅದ್ ಕುತ್ಗಿ ಉದ್ದ ಮಾಡ್ತ್!" ಅಂದಳು. ಅಷ್ಟರಲ್ಲಿ ಗಂಗೊಳ್ಳಿ ಬದಿಯ ದೋಣಿಯೊಂದು ಅಳಿವೆ ಒಳಗೆ ಬಂತು. ಮೀನಿನ ಆಸೆಗೆ ಹಿಂಡಿಗೆ ಹಿಂಡೇ ಎದ್ದು, ನಮ್ಮ ಕಡೆಗೆ ಬಂದು, ತಲೆ ಮೇಲೇ ತಿರುಗಿ ದೋಣಿ ಹಿಂದೆ ಹೋಯಿತು. ಆ ಒಂದು ಫೋಟೊದಲ್ಲಿ ಹನ್ನೊಂದು ಹಕ್ಕಿ ಇದೆ, ಒಂಬತ್ತರ ರೆಕ್ಕೆ ತುದಿಯ ಚುಕ್ಕಿ ಎಣಿಸಬಹುದು. ನಮ್ಮನೆ ಚಾವಡಿಯಲ್ಲಿ ಹಾಕಿದ್ದು ಅದೇ.

ಅಳಿಯ ಹೊರಡುವಾಗ ನನ್ನ ಹತ್ತಿರ ಹೇಳಿ ಹೋಗಲಿಲ್ಲ. ಅಕ್ಕನಿಗೆ ಈಗಲೂ ಸ್ವಲ್ಪ ಬೇಸರ ಇದೆ. ಇದನ್ನು ಅವಳು ಓದುತ್ತಾಳೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ಅಕ್ಕಾ, ನಿನ್ನ ಅಳಿಯಂದ್ರು ಎರಡು ದಿನಕ್ಕೆ ಬಂದ ನೆಂಟರು, ಅವರಿಗೆ ಮರ್ಯಾದಿ ಕೊಡ್ಕ್, ಇಲ್ಲ ಅಂಬುದಿಲ್ಲೆ. ಇವು ನಾಲ್ಕೈದು ತಿಂಗಳಿಗೆ ಬಂದ ನೆಂಟರು, ಬಾಯಿ ಬಪ್ಪುದಿಲ್ಲೆ. ಅದಕ್ಕೇ ನಾನು ಮಾತಾಡಿದ್ದು. ಇನ್ನೊಂದು ಸಲ ಹಾಗೇ ಆದರೂ ಅಲ್ಲೇ ನಿಲ್ಲುವವಳು ನಾನು.

ಶಿವರಾತ್ರಿ ಕಳೆದ ಮೇಲೆ ಒಂದೊಂದಕ್ಕೇ ತಲೆ ಕಂದಾಗುವುದು ಶುರುವಾಗುತ್ತದೆ. ಅದು ಹೊರಡುವ ಗುರುತು. ಅದರೊಳಗೆ ಒಂದು ಭಾನುವಾರ ಎಲ್ಲರೂ ಬನ್ನಿ, ಕ್ಯಾಮೆರಾ ಬೇಕಂತಿಲ್ಲ. ಮಿಕ್ಸ್ಚರ್, ಚುರುಮುರಿ ಎಲ್ಲ ನಮಗೇ ಇರಲಿ, ಹಕ್ಕಿಗೆ ಹಾಕುವುದು ಬೇಡ. ಸ್ವಲ್ಪ ದೂರದಲ್ಲೇ ಕೂತು ಕಾಂಬ. ಎಬ್ಸುಕಾಗ, ಅಷ್ಟೇ.