ಗುರುತಿನ ಕೆಮ್ಮು

ರಾಬರ್ಟ್‌ಸನ್‌ಪೇಟೆಯಲ್ಲಿ ಯಾರಾದರೂ ಕೆಮ್ಮಿದರೆ ಮೊದಲೆಲ್ಲ ಯಾರೂ ತಿರುಗಿ ನೋಡುತ್ತಿರಲಿಲ್ಲ. ನೋಡದೆಯೇ ಅದು ಯಾರದೆಂದು ಗೊತ್ತಾಗುತ್ತಿತ್ತು. ಎಂ.ಜಿ. ಮಾರ್ಕೆಟ್ಟಿನಿಂದ ಸ್ವಲ್ಪ ಒಳಗಿನ ಬೀದಿಯಲ್ಲಿ ನಮ್ಮದೊಂದು ಸಣ್ಣ ದಿನಸಿ ಅಂಗಡಿ. ಬೀದಿಯ ತಿರುವಿನಲ್ಲಿ ಕೆಮ್ಮು ಕೇಳಿದ ಕೂಡಲೇ ಅಪ್ಪ ಗಲ್ಲಾದ ಹಿಂದೆ ಕೂತಲ್ಲೇ ಅರ್ಧ ಕೆ.ಜಿ. ರವೆ ಕಟ್ಟಲು ಶುರು ಮಾಡುತ್ತಿದ್ದರು. ಗಿರಾಕಿ ಮೆಟ್ಟಿಲು ಹತ್ತುವ ಹೊತ್ತಿಗೆ ಪೊಟ್ಟಣಕ್ಕೆ ದಾರ ಬಿದ್ದಿರುತ್ತಿತ್ತು. ಎರಡು ಸಲ ಒಣದಾಗಿ ಬಂದು ನಿಂತರೆ ಮೂಲೆಮನೆಯ ಡ್ರಿಲ್ಲರ್ ಮಾಮ. ಉದ್ದಕ್ಕೆ ಎಳೆದು, ಮಧ್ಯೆ ಒಮ್ಮೆ ಉಸಿರಿಗಾಗಿ ತಡೆದು, ಮತ್ತೆ ಮುಂದುವರಿದರೆ ಎದುರುಮನೆಯ ಟಿಂಬರ್ ತಾತ. ಗಣಿಯೊಳಗೆ ಕಲ್ಲು ಕುಸಿಯದ ಹಾಗೆ ಮರದ ದಿಮ್ಮಿ ಆನಿಸಿ ನಿಲ್ಲಿಸುವ ಕೆಲಸ ಮಾಡಿದವರು ಅವರು. ಬೀದಿಯಲ್ಲಿ ಅವರಿಗೆ ಆ ಹೆಸರೇ ನಿಂತಿತ್ತು.

ನಮ್ಮೂರಿನ ಚಾಂಪಿಯನ್ ರೀಫ್ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಚಿನ್ನ ಇದ್ದದ್ದು ಬೆಣಚುಕಲ್ಲಿನೊಳಗೆ. ಆ ಕಲ್ಲನ್ನು ಕೊರೆದು, ಸಿಡಿಸಿ, ಪುಡಿ ಮಾಡುವಾಗ ಏಳುವ ದೂಳು ಕಣ್ಣಿಗೆ ಕಾಣದಷ್ಟು ನುಣುಪು. ಒಳಗೆ ಹೋದದ್ದು ಶ್ವಾಸಕೋಶದಲ್ಲಿ ಮನೆ ಮಾಡುತ್ತದೆ, ಹೊರಗೆ ಬರುವುದಿಲ್ಲ. ವೈದ್ಯರು ಸಿಲಿಕೋಸಿಸ್ ಅಂದರು, ಊರು ‘ಮೈನ್ಸ್ ಕೆಮ್ಮು’ ಅಂದಿತು. 1940ರ ದಶಕದಲ್ಲಿ ಇಲ್ಲಿನ ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕೂ ಮಿಕ್ಕಿದವರಲ್ಲಿ ಈ ರೋಗ ಕಂಡಿತ್ತು. ಕಲ್ಲು ಕೊರೆಯುವಾಗ ನೀರು ಹಾಯಿಸುವ ಕ್ರಮ ಬಂತು, ದೂಳು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಇದು ಸಾಲದೆಂಬಂತೆ ಊರಿನ ಸುತ್ತ ಸಯನೈಡ್ ದಿಬ್ಬಗಳಿವೆ. ಚಿನ್ನ ತೆಗೆದುಕೊಂಡು ಉಳಿದ ಬೂದಿಮಣ್ಣನ್ನು ನೂರು ವರ್ಷ ಸುರಿದು ಸುರಿದು ಎದ್ದು ನಿಂತ ಗುಡ್ಡಗಳು ಅವು. ಸಿನಿಮಾದಲ್ಲಿ ನೋಡಿದವರಿಗೆ ಅವು ಬಹಳ ಚೆಂದ. ಆಷಾಢದ ಗಾಳಿಗೆ ಆ ಚೆಂದ ನಮ್ಮ ಅಕ್ಕಿ ಮೂಟೆಯ ಮೇಲೆ, ಕಾದ ಹಾಲಿನ ಕೆನೆಯ ಮೇಲೆ ಬಂದು ಕೂರುತ್ತದೆ. ಗಣಿಗೆ ಒಂದು ದಿನವೂ ಇಳಿಯದ ಹೆಂಗಸರೂ ಇಲ್ಲಿ ಕೆಮ್ಮುತ್ತಾರೆ.

ತಾತನ ಮನೆಮಾತು ತಮಿಳು, ಅಂಗಡಿಯ ಮಾತು ಕನ್ನಡ, ಬೈಗುಳ ತೆಲುಗು. ಈ ಊರಿನಲ್ಲಿ ಇದೇನೂ ವಿಶೇಷವಲ್ಲ. ನನ್ನನ್ನು ‘ಕಣ್ಣು’ ಅಂತಲೇ ಕರೆಯುತ್ತಿದ್ದರು, ನನ್ನ ತಲೆಯಲ್ಲಿ ಬಿಳಿಕೂದಲು ಬಂದಮೇಲೂ. ಸಂಜೆ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತು ಅಪ್ಪನೊಡನೆ ಏರ್ ಬ್ಲಾಸ್ಟಿನ ಕತೆ ಹೇಳುತ್ತಿದ್ದರು. ಭೂಮಿಯ ಆಳದಲ್ಲಿ ಬಂಡೆ ಒತ್ತಡ ತಾಳಲಾರದೆ ಸಿಡಿದರೆ ಮೇಲೆ ರಾಬರ್ಟ್‌ಸನ್‌ಪೇಟೆಯ ಮನೆಗಳಲ್ಲಿ ತಟ್ಟೆ ಲೋಟ ಅಲುಗುತ್ತಿದ್ದವು. ಅಲುಗಿದ ಕೂಡಲೇ ಹೆಂಗಸರು ಅವತ್ತು ಯಾರ ಶಿಫ್ಟು ಎಂದು ಲೆಕ್ಕ ಹಾಕುತ್ತಾ ಬೀದಿಗೆ ಬರುತ್ತಿದ್ದರು. ತಾತ ಕತೆ ಮುಗಿಸಿ ಏಳುವಾಗ ಅಪ್ಪ ಒಂದು ಸಣ್ಣ ಪೊಟ್ಟಣ ಕೈಗಿಟ್ಟು, ಉದ್ರಿ ಪುಸ್ತಕದಲ್ಲಿ ‘ಕಲ್ಲುಸಕ್ಕರೆ’ ಅಂತ ಬರೆಯುತ್ತಿದ್ದರು. ಕೆಮ್ಮಿಗೆ ಒಳ್ಳೆಯದಲ್ಲವೆ.

2020ರ ಮಾರ್ಚ್ 22ರ ಜನತಾ ಕರ್ಫ್ಯೂ ದಿನ ರೈಲು ನಿಂತಿತು. ಬಂಗಾರಪೇಟೆಯಿಂದ ಕೋರಮಂಡಲ್, ಉರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂವರೆಗೆ ಬರುವ ಈ ಸಣ್ಣ ಕವಲನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಕಿದ್ದು ಗಣಿಗಾಗಿ. ಗಣಿ ಮುಚ್ಚಿದ ಮೇಲೆ ಆ ರೈಲು ಗಣಿಯವರ ಮಕ್ಕಳನ್ನು ಬೆಂಗಳೂರಿಗೆ ಸಾಗಿಸತೊಡಗಿತು. ನಾನೂ ಸೀಜನ್ ಪಾಸಿನವನೇ. ಕತ್ತಲಿರುವಾಗಲೇ ಹೊರಡುವ ಗಾಡಿಯಲ್ಲಿ ಸೆಕ್ಯುರಿಟಿ ಕೆಲಸದವರು, ಹೌಸ್‌ಕೀಪಿಂಗ್ ಹೆಂಗಸರು, ಬಟ್ಟೆ ಅಂಗಡಿಯ ಹುಡುಗಿಯರು, ಬ್ಯಾಂಕಿನವರು, ಸಾಫ್ಟ್‌ವೇರಿನವರು ಎಲ್ಲರೂ ಒಂದೇ ಬೋಗಿಯಲ್ಲಿ. ಮೊಣಕಾಲ ಮೇಲೆ ಸೂಟ್‌ಕೇಸ್ ಇಟ್ಟು ಇಸ್ಪೀಟು. ವಾಪಸು ಬರುವಾಗ ಕೆಲವು ಹೆಂಗಸರು ಹುರುಳಿಕಾಯಿ ನಾರು ತೆಗೆದು, ಮುರಿದು, ಕವರಿಗೆ ತುಂಬಿಕೊಂಡೇ ಇಳಿಯುತ್ತಿದ್ದರು. ಮನೆಗೆ ಹೋಗಿ ಒಗ್ಗರಣೆ ಹಾಕಿದರಾಯಿತು. ಇಲ್ಲಿಂದ ಬೆಂಗಳೂರು ನೂರು ಕಿಲೋಮೀಟರು. ರೈಲಿಲ್ಲದೆ ಆ ಸಂಬಳಗಳಲ್ಲಿ ಅಷ್ಟು ದೂರ ದಿನಾ ಹೋಗಿಬರುವ ಲೆಕ್ಕ ಯಾರಿಗೂ ಕೂಡುವುದಿಲ್ಲ. ಬೆಂಗಳೂರಿಗೆ 1898ರಲ್ಲಿ ಪ್ಲೇಗು ಬಂದದ್ದು ಹುಬ್ಬಳ್ಳಿ ಕಡೆಯ ರೈಲಿನಲ್ಲಿ ಎನ್ನುತ್ತಾರೆ. ಈ ಸಲ ರೋಗ ವಿಮಾನದಲ್ಲಿ ಬಂತು, ನಿಂತದ್ದು ಮಾತ್ರ ನಮ್ಮ ಪ್ಯಾಸೆಂಜರ್ ಗಾಡಿ.

ಟೀವಿಯವರು ಇಂಥದ್ದು ಹಿಂದೆಂದೂ ಆಗಿರಲಿಲ್ಲ ಎಂದು ದಿನಾ ಹೇಳುತ್ತಿದ್ದರು. ನಮ್ಮ ಬೀದಿಗೆ ಅದು ಒಪ್ಪುವ ಮಾತಾಗಿರಲಿಲ್ಲ. ಊರಿಗೆ ಊರೇ ಒಂದು ಬೆಳಿಗ್ಗೆ ಎದ್ದು ಹೋಗುವುದಕ್ಕೆ ಜಾಗವಿಲ್ಲದೆ ಕೂರುವುದನ್ನು ನಾವು 2001ರಲ್ಲೇ ನೋಡಿದ್ದೆವು. ಆ ಫೆಬ್ರವರಿ 28ಕ್ಕೆ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ (ಬಿಜಿಎಂಎಲ್) ಮುಚ್ಚಿತು. ಅದುವರೆಗೆ ಊರಿಗೆ ಗಡಿಯಾರ ಅಂದರೆ ಶಿಫ್ಟಿನ ಸಂಗು, ಗಣಿಯ ಸೈರನ್ನು. ಸಂಗು ಊದಿದರೆ ಅಕ್ಕಿ ಒಲೆಯ ಮೇಲೆ, ಮತ್ತೊಮ್ಮೆ ಊದಿದರೆ ಮಕ್ಕಳು ಶಾಲೆಗೆ. ಅದು ನಿಂತ ಮೇಲೆ ನಮ್ಮಮ್ಮ ಎಷ್ಟೋ ಕಾಲ ಹೊತ್ತಲ್ಲದ ಹೊತ್ತಿನಲ್ಲಿ ಅಡುಗೆ ಮಾಡಿಟ್ಟು ನಮ್ಮಿಂದ ಬೈಸಿಕೊಳ್ಳುತ್ತಿದ್ದಳು. ಗಂಡಸರು ಶಿಫ್ಟಿನ ಹೊತ್ತಿಗೆ ಸರಿಯಾಗಿ ಎದ್ದು, ಮುಖ ತೊಳೆದು, ಟೀ ಕುಡಿದು, ನಮ್ಮ ಅಂಗಡಿಯ ಕಲ್ಲಿನ ಮೇಲೆ ಬಂದು ಕೂರುತ್ತಿದ್ದರು. ಅಪ್ಪ ಆಗ ಸಂಬಳದ ದಿನ ಇಲ್ಲದೆ ಉದ್ರಿ ಕೊಡುವುದು ಹೇಗೆಂದು ಕಲಿತರು. ಹಾಗಾಗಿ 2020ರಲ್ಲಿ ಅವರು ಏನನ್ನೂ ಕೇಳಲಿಲ್ಲ. ಸ್ಟೇಷನರಿ ಅಂಗಡಿಯ ಅರ್ಧ ಬಾಗಿಲು ತೆಗೆಸಿ ಎರಡು ಹೊಸ ಲಾಂಗ್ ನೋಟ್‌ಬುಕ್ ತರಿಸಿದರು, ಅಷ್ಟೆ. ಅಪ್ಪಂದಿರ ಹೆಸರಿನಲ್ಲಿ ಮುಚ್ಚಿದ್ದ ಲೆಕ್ಕಗಳು ಮಕ್ಕಳ ಹೆಸರಿನಲ್ಲಿ ತೆರೆದವು.

ಮೊದಲ ವಾರಗಳಲ್ಲಿ ನಮಗೆ ಒಂದು ಜಂಬವೂ ಇತ್ತು. ಮೇ 12ರವರೆಗೆ ಕೋಲಾರ ಜಿಲ್ಲೆಯಲ್ಲಿ ಒಂದೂ ಕೇಸಿರಲಿಲ್ಲ, ಹಸಿರು ವಲಯ. ಮುಳಬಾಗಿಲು ಕಡೆ ಮೊದಲ ಕೇಸುಗಳು ಬಂದ ದಿನ ಆ ಜಂಬ ಇಳಿಯಿತು, ಕೆಮ್ಮಿಗೆ ಕಿವಿ ಬಂತು. ಅಂಗಡಿಯ ಮುಂದೆ ಸುಣ್ಣದಲ್ಲಿ ಬರೆದ ವೃತ್ತಗಳು. ಒಂದು ವೃತ್ತದಲ್ಲಿ ಯಾರಾದರೂ ಕೆಮ್ಮಿದರೆ ಆಚೀಚಿನ ಎರಡು ವೃತ್ತ ಖಾಲಿ. ಬೆಂಗಳೂರಿನಿಂದ ಹೇಗೋ ಬೈಕಿನಲ್ಲಿ ಊರು ಸೇರಿದ ಹುಡುಗರಿಗೆ ಮೈನ್ಸ್ ಕೆಮ್ಮಿಗೂ ಹೊಸ ಕೆಮ್ಮಿಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಗೊತ್ತಿದ್ದ ಹಳಬರೂ ಯಾಕೆ ಸುಮ್ಮನೆ ಅಂತ ಸರಿದು ನಿಲ್ಲುತ್ತಿದ್ದರು. ಪಕ್ಕದ ಬೀದಿ ಸೀಲ್‌ಡೌನ್ ಆಗಿ ಎರಡೂ ತುದಿಗೆ ತಗಡಿನ ಶೀಟು ಬಡಿದ ಮೇಲಂತೂ ಸಿಲಿಕೋಸಿಸ್‌ನವರ ಮನೆಗಳಲ್ಲಿ ಹೊಸ ಅಭ್ಯಾಸವೊಂದು ಶುರುವಾಯಿತು. ಕೆಮ್ಮು ಬಂದರೆ ಟೀವಿ ಜೋರು ಮಾಡುವುದು.

ತಾತ ಕಲ್ಲಿನ ಮೇಲೆ ಕೂರುವುದನ್ನು ಬಿಟ್ಟರು. ಅಂಗಡಿ ಮುಚ್ಚುವ ಹೊತ್ತಿಗೆ, ವೃತ್ತಗಳೆಲ್ಲ ಖಾಲಿಯಾದ ಮೇಲೆ ಬರುತ್ತಿದ್ದರು. ಮಾಸ್ಕಿನ ಮೇಲೊಂದು ಟವಲು. “ಕೆಳಗೆ ಇಳಿಯೋವಾಗ್ಲೂ ಹಿಂಗೇ ಕಟ್ಕೊಂಡಿದ್ವಿ ಶೆಟ್ರೆ. ಆಗ ಯಾರೂ ಫೈನ್ ಹಾಕ್ತಿರ್ಲಿಲ್ಲ” ಎಂದು ನಕ್ಕರು. ನಕ್ಕಿದ್ದಕ್ಕೆ ಕೆಮ್ಮು ಬಂತು. ಬೀದಿಯ ಎರಡೂ ಕಡೆ ನೋಡಿ, ಅದನ್ನು ಹಾಗೇ ನುಂಗಿಕೊಂಡರು. ಅಷ್ಟು ಉದ್ದದ ಕೆಮ್ಮನ್ನು ನುಂಗುವಾಗ ಮನುಷ್ಯನ ಕಣ್ಣು ಹೇಗಾಗುತ್ತದೆ ಎಂಬುದನ್ನು ನಾನು ಬರೆಯದಿರುವುದೇ ಲೇಸು. ಅಪ್ಪ ಮಾತಾಡದೆ ಪೊಟ್ಟಣ ಕೊಟ್ಟರು, ‘ಕಲ್ಲುಸಕ್ಕರೆ’ ಬರೆದರು.

ಆ ವರ್ಷ ದಾಟಿತು. 2021ರ ಏಪ್ರಿಲ್ 27ರಿಂದ ರಾಜ್ಯ ಮತ್ತೆ ಮುಚ್ಚಿದಾಗ ಅಂಗಡಿಗೆ ಬೆಳಿಗ್ಗೆ 6ರಿಂದ 10 ಮಾತ್ರ ಸಮಯ. ಗಲ್ಲಾದ ಮೇಲೆ ತಕ್ಕಡಿಯ ಪಕ್ಕ ಬೆರಳಿಗೆ ಹಾಕುವ ಆಕ್ಸಿಮೀಟರೂ ಬಂದು ಕೂತಿತ್ತು. ಅದು 94ಕ್ಕಿಂತ ಕೆಳಗೆ ತೋರಿಸಿದರೆ ಆಸ್ಪತ್ರೆಗೆ ಓಡಬೇಕೆಂದು ಟೀವಿ ಹೇಳುತ್ತಿತ್ತು. ತಾತನ ಬೆರಳಿಗೆ ಹಾಕಿದಾಗ ಅದು 90ರ ಆಸುಪಾಸಿನಲ್ಲೇ ಆಡಿತು. ಜ್ವರವಿಲ್ಲ, ಸುಸ್ತಿಲ್ಲ. “ಇದು ನನ್ನ ರೇಟು ಕಣ್ಣು, ಇಪ್ಪತ್ತು ವರ್ಷದಿಂದ ಇಷ್ಟೇ ಇರಬೇಕು. ಮೆಷೀನು ಈಗ ಬಂತು” ಎಂದರು.

ಅದೇ ಬೇಸಿಗೆಯಲ್ಲಿ ಗಣಿಯ ಆಸ್ಪತ್ರೆಯನ್ನು ತೆರೆಯುತ್ತಾರೆಂಬ ಸುದ್ದಿ ಬಂತು. ಗಣಿಯ ಜೊತೆಯಲ್ಲೇ ಮುಚ್ಚಿಹೋಗಿದ್ದ ಬಿಜಿಎಂಎಲ್ ಆಸ್ಪತ್ರೆ. ಒಂದು ಕಾಲದಲ್ಲಿ ಅದರ ಔಷಧ, ಅದರ ನರ್ಸಮ್ಮಂದಿರು, ಅದರ ಹೆರಿಗೆ ವಾರ್ಡು ಸುತ್ತಮುತ್ತೆಲ್ಲ ಮನೆಮಾತಾಗಿದ್ದವು. ಇಪ್ಪತ್ತು ವರ್ಷ ಗಿಡಗಂಟಿ ಬೆಳೆದು, ಕಿಟಕಿ ಬಾಗಿಲು ಕಳಚಿಕೊಂಡು ನಿಂತಿದ್ದ ಕಟ್ಟಡಕ್ಕೆ ಸ್ವಯಂಸೇವಕರು ಪೊರಕೆ, ಗುದ್ದಲಿ ಹಿಡಿದು ನುಗ್ಗಿದರು. ದೂಳು ಹೊಡೆದರು, ಸುಣ್ಣ ಬಳಿದರು, ಕೋವಿಡ್ ರೋಗಿಗಳಿಗೆ ಹಾಸಿಗೆ ಹಾಕಿದರು. ಪೇಪರಿನಲ್ಲಿ ಬಂದ ಫೋಟೋವನ್ನು ತಾತ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಅವರ ಮೂರು ಮಕ್ಕಳೂ ಅಲ್ಲೇ ಹುಟ್ಟಿದ್ದು. ಕಲ್ಲು ಬಿದ್ದು ಕಾಲು ಮುರಿದಾಗ ಮಲಗಿದ್ದೂ ಅಲ್ಲೇ. “ನಂಗೇನಾದ್ರೂ ಆದ್ರೆ ಅಲ್ಲಿಗೇ ಹಾಕಿ. ಆ ವಾರ್ಡಲ್ಲಿ ಗಾಳಿ ಎಲ್ಲಿಂದ ಬರುತ್ತೆ ಅಂತ ನಂಗೊತ್ತು.”

ಆದರೆ ಜ್ವರ ಬಂದ ರಾತ್ರಿ ಸಿಕ್ಕಿದ್ದು ಬೇರೆ ಕಡೆಯ ಹಾಸಿಗೆ. ಅಲ್ಲಿಂದ ಅವರು ವಾಪಸು ಬರಲಿಲ್ಲ. ಬದುಕಿದ್ದಾಗ ತಮ್ಮ ಕೆಮ್ಮಿಗೆ ಕಾಗದದ ಮೇಲೆ ಹೆಸರು ಬರೆಸಿಕೊಳ್ಳಲು ಆ ಮನುಷ್ಯ ಎಷ್ಟು ಎಕ್ಸ್‌ರೇ ತೆಗೆಸಿದ್ದರು, ಎಷ್ಟು ಬಾಗಿಲು ಕಾದಿದ್ದರು! ಸಿಲಿಕೋಸಿಸ್ ಎಂದು ಬರೆದರೆ ಪರಿಹಾರ ಕೊಡಬೇಕು, ಹಾಗಾಗಿ ಹಳೆಯ ಕ್ಷಯವಿರಬಹುದು, ಬೀಡಿಯಿಂದಿರಬಹುದು, ವಯಸ್ಸಿನಿಂದಿರಬಹುದು ಎಂದು ಪ್ರತಿ ಸಲ ಒಂದೊಂದು ಅನುಮಾನ. ಸತ್ತಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಒಂದು ಗಂಟೆಯೊಳಗೆ ಚೀಟಿಯ ಮೇಲೆ ಹೆಸರು ಬಂತು. ಕೋವಿಡ್.

ನಮ್ಮೂರಿನ ಸಾವು ಸದ್ದಿನ ಸಾವು. ತಮಟೆಯವರು ಬೆಳಿಗ್ಗೆಯೇ ಬಂದು ಬೆಂಕಿ ಹಾಕಿ ತಮಟೆ ಕಾಯಿಸುತ್ತಾರೆ. ಹೂವಿನ ಪಲ್ಲಕ್ಕಿ, ಪಟಾಕಿ, ಕುಣಿತ, ಬೀದಿ ತುಂಬ ಚೆಂಡುಹೂವಿನ ಎಸಳು. ಗಣಿ ಇದ್ದಾಗ ಸತ್ತವರ ಗ್ಯಾಂಗಿನವರೆಲ್ಲ ಶಿಫ್ಟು ಬದಲಿಸಿಕೊಂಡು ಹೆಗಲು ಕೊಡಲು ಬರುತ್ತಿದ್ದರಂತೆ. ಒಂದು ಸಾವಿಗೆ ಹೋಗದಿದ್ದರೆ ಮುಂದೆ ಆ ಮನೆಯ ಮದುವೆಗೆ ಹೋಗುವ ಮುಖವಿರುವುದಿಲ್ಲ. ತಾತನನ್ನು ಮಣ್ಣು ಮಾಡುವಾಗ ಇರಬಹುದಾದವರು ಐದು ಜನ, ಸರ್ಕಾರದ ಆದೇಶ. ಮೂವರು ಮಕ್ಕಳು, ಒಬ್ಬ ಅಳಿಯ, ಇನ್ನೊಬ್ಬ ಯಾರು ಎಂಬ ಬಗ್ಗೆ ಆ ಮನೆಯಲ್ಲಿ ಸಣ್ಣ ಜಗಳವೇ ನಡೆಯಿತು. ಬೀದಿಯವರು ಅವರವರ ಬಾಗಿಲಲ್ಲಿ ನಿಂತೆವು. ಆಂಬುಲೆನ್ಸು ನಮ್ಮ ಬೀದಿಗೆ ಬರಲೇ ಇಲ್ಲ, ಆಸ್ಪತ್ರೆಯಿಂದ ನೇರ ಹೋಯಿತೆಂದು ಆಮೇಲೆ ತಿಳಿಯಿತು. ಹಾಗೆ ನಿಂತವರು ಹಾಗೇ ಒಳಗೆ ಹೋದೆವು. ಮೂಲೆಮನೆಯ ಡ್ರಿಲ್ಲರ್ ಮಾಮ ಮಾತ್ರ ಸಂಜೆ ಒಂದು ಸ್ಟೀಲ್ ತಟ್ಟೆ ತಂದು, ತಾತನ ಮನೆಯ ಮುಂದೆ ನಿಂತು ಚಮಚದಲ್ಲಿ ತಮಟೆಯ ಪೆಟ್ಟು ಬಾರಿಸಿದರು. ಪೊಲೀಸರ ಬೈಕಿನ ಸದ್ದು ಕೇಳಿ ನಿಲ್ಲಿಸಿದರು.

ರೈಲು ಮತ್ತೆ ಓಡತೊಡಗಿದ ಮೇಲೆ, ಸಂಬಳಗಳು ಅರ್ಧಂಬರ್ಧ ಬರತೊಡಗಿದ ಮೇಲೆ, ಬೀದಿಯವರು ಒಬ್ಬೊಬ್ಬರಾಗಿ ಬಂದು ಬಾಕಿ ತೀರಿಸಿದರು. ಆ ಪುಸ್ತಕದಲ್ಲಿ ತೀರಿಸುವವರಿಲ್ಲದ ಪುಟಗಳೂ ಇದ್ದವು, ಅಪ್ಪ ಅವನ್ನು ಕೇಳಲು ಹೋಗಲಿಲ್ಲ. ತಾತನ ದೊಡ್ಡ ಸೊಸೆ ತಾನೇ ಬಂದಳು, ಬೆಂಗಳೂರಿನ ಗಾರ್ಮೆಂಟ್ಸ್‌ನಿಂದ ಇಳಿದವಳು ನೇರ ಅಂಗಡಿಗೆ, ಹೆಗಲಲ್ಲಿ ಊಟದ ಬ್ಯಾಗು.

“ಮಾಮನ ಲೆಕ್ಕ ಓದಿ ಶೆಟ್ರೆ.”

ಅಪ್ಪ ಓದಿದರು. ಅಕ್ಕಿ, ಬೇಳೆ, ಸೋಪು, ಕಲ್ಲುಸಕ್ಕರೆ. ಎಣ್ಣೆ, ಕಲ್ಲುಸಕ್ಕರೆ. ಕಲ್ಲುಸಕ್ಕರೆ.

“ನಿಲ್ಸಿ ನಿಲ್ಸಿ. ಇಷ್ಟೊಂದು ಕಲ್ಲುಸಕ್ಕರೆ ಯಾವ ಮನೆಗೆ ಹೋಯ್ತು? ನಮ್ಮನೇಲಿ ಒಂದು ಹರಳು ನೋಡಿಲ್ಲ ನಾನು.”

ಅಪ್ಪ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

“ಬೀಡಿ ಕಣಮ್ಮ.”

ನಾನು ಮೂಟೆಗಳ ಕಡೆ ತಿರುಗಿ ನಿಂತೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೈಯುತ್ತಾಳೆ ಅಂದುಕೊಂಡೆ, ಬೈಯುವ ನ್ಯಾಯ ಅವಳದೇ ಆಗಿತ್ತು.

“ಬಾತ್‌ರೂಮಲ್ಲಿ ಊದುಬತ್ತಿ ಹಚ್ಚೋರು. ನಾನು ಭಕ್ತಿ ಅಂದ್ಕೊಂಡಿದ್ದೆ” ಎಂದಳು ಕೊನೆಗೆ. ಆಮೇಲೆ ಪರ್ಸು ತೆಗೆದು, “ಅಕ್ಕಿ ಬೇಳೆದು ಪೂರ್ತಿ ತಗೊಳ್ಳಿ. ಬೀಡಿಗೆ ನಾನು ಒಂದು ಪೈಸೆನೂ ಕೊಡಲ್ಲ, ನೀವೇನಾದ್ರೂ ಮಾಡ್ಕೊಳ್ಳಿ.”

ಅಪ್ಪ ತಲೆಯಾಡಿಸಿ, ಪೆನ್ನು ಹಿಡಿದು, ಪ್ರತಿ ಕಲ್ಲುಸಕ್ಕರೆಯ ಮೇಲೂ ಗೆರೆ ಎಳೆಯುತ್ತಾ ಕೂತರು. ಮೂರು ಪುಟ ಇತ್ತು, ಹೊತ್ತು ಹಿಡಿಯಿತು. ಅವಳು ಅವಸರ ಮಾಡಲಿಲ್ಲ. ಒಟ್ಟು ಹೇಳಿದಾಗ ಎಣಿಸಿ ಕೊಟ್ಟು, ಚಿಲ್ಲರೆ ಎಣಿಸಿಯೇ ತೆಗೆದುಕೊಂಡು, ಮೆಟ್ಟಿಲಿಳಿದವಳು ಮತ್ತೆ ತಿರುಗಿದಳು.

“ಆ ಬೀಡಿ ಬಾಕಿ ನೀವು ಮೇಲಕ್ಕೆ ಹೋದಾಗ ಅವ್ರ ಹತ್ರಾನೇ ವಸೂಲಿ ಮಾಡಿ ಶೆಟ್ರೆ. ಬಿಡಬೇಡಿ.”